ಓಲ್ಡ್ ಸ್ಕೂಲ್ ರೂನ್‌ಸ್ಕೇಪ್: ಕತ್ತಿ ಬಿಟ್ಟು ಕೊಡಲಿ, ಪಿಕಾಸಿ ಹಿಡಿದವನ ವಿಮರ್ಶೆ

ಈ ಆನ್‌ಲೈನ್ ಆಟದ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಬಾಸ್‌ಗಳನ್ನು, ಅಂದರೆ ದೊಡ್ಡ ರಾಕ್ಷಸರನ್ನು, ಹೊಡೆಯೋದರ ಬಗ್ಗೆಯೇ ಬರೆಯುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸೆಯಿಲ್ಲ. ವರ್ಷಗಳಿಂದ ನಾನಿಲ್ಲಿ ಮರ ಕಡಿಯುತ್ತೇನೆ, ಅದಿರು ಅಗೆಯುತ್ತೇನೆ, ಮೀನು ಹಿಡಿಯುತ್ತೇನೆ, ಗಿಡಮೂಲಿಕೆ ಬೆಳೆಯುತ್ತೇನೆ. ತಂದಿದ್ದನ್ನು ಮಾರುತ್ತೇನೆ. ಹಾಗಾಗಿ ಇದು ಇಡೀ ಆಟದ ವಿಮರ್ಶೆಯಲ್ಲ. ಆಟದೊಳಗೆ ಕೂಲಿ ಮಾಡಿ ಬದುಕೋದು ಹೇಗಿರುತ್ತದೆ, ಪಕ್ಕದಲ್ಲಿ ಕೂಲಿ ಮಾಡುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನೋದರ ವಿಮರ್ಶೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೂಲ ರೂನ್‌ಸ್ಕೇಪ್ ಶುರುವಾಗಿದ್ದು 2001ರಲ್ಲಿ. ಅದು ಬದಲಾಗುತ್ತಾ ಹೋದಂತೆ ಹಳೆಯ ಆಟಗಾರರು ನಮಗೆ ಮೊದಲಿನದೇ ಬೇಕು ಅಂತ ಹಟ ಹಿಡಿದರು. ಆಟ ನಡೆಸುವ ಜಾಗೆಕ್ಸ್ ಕಂಪನಿಯ ಹತ್ತಿರ 2007ರ ಆಗಸ್ಟ್‌ನ ಒಂದು ಬ್ಯಾಕಪ್ ಉಳಿದಿತ್ತು. ಮತ ಹಾಕಿಸಿ, 2013ರ ಫೆಬ್ರವರಿಯಲ್ಲಿ ಅದನ್ನೇ ಓಲ್ಡ್ ಸ್ಕೂಲ್ ಅನ್ನುವ ಹೆಸರಲ್ಲಿ ಮತ್ತೆ ತೆರೆದರು. 2018ರ ಅಕ್ಟೋಬರ್‌ನಿಂದ ಮೊಬೈಲ್‌ನಲ್ಲೂ ಅದೇ ಅಕೌಂಟ್ ನಡೆಯುತ್ತದೆ. ಗ್ರಾಫಿಕ್ಸ್ ನೋಡಿ ನಗಬೇಡಿ, ಎರಡು ದಿನದಲ್ಲಿ ಅಭ್ಯಾಸ ಆಗುತ್ತದೆ. ಅಭ್ಯಾಸ ಆಗದಿರೋದು ನಿಧಾನ. ಒಂದು ಕೌಶಲವನ್ನು 99ನೇ ಲೆವೆಲ್‌ಗೆ ಒಯ್ಯಲು 1,30,34,431 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಬೇಕು. 92ಕ್ಕೆ ಬಂದಾಗ ಮುಗೀತು ಅನ್ನಿಸುತ್ತದೆ, ಆದರೆ ಅದು ಸರಿಯಾಗಿ ಅರ್ಧ ದಾರಿ ಅಷ್ಟೇ. ಇದನ್ನು ಕೇಳಿ ಬೇಸರ ಬಂದರೆ ಇಲ್ಲೇ ನಿಲ್ಲಿಸಿ, ಆಟ ನಿಮಗಲ್ಲ.

ಉಳಿದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಜನರು ಒಳ್ಳೆಯವರೋ ಕೆಟ್ಟವರೋ ಅನ್ನೋದು ಅವರ ಗುಣಕ್ಕಿಂತ ಜಾಸ್ತಿ, ಅವರು ಏನನ್ನು ಅಗೆಯುತ್ತಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಮೀನು ಹಿಡಿಯುವ ಜಾಗಕ್ಕೆ ಹೋಗಿ ನೋಡಿ. ಅಲ್ಲಿ ಎಷ್ಟು ಜನ ನಿಂತರೂ ಯಾರ ಪಾಲೂ ಕಡಿಮೆ ಆಗೋದಿಲ್ಲ. ಕ್ಯಾಥರ್‌ಬಿ ದಡದಲ್ಲಿ ಲಾಬ್‌ಸ್ಟರ್ ಹಿಡಿಯುವವರು ಸಾಲಾಗಿ ನಿಂತು ಹರಟೆ ಹೊಡೆಯುತ್ತಾರೆ. ಮೀನಿರುವ ಜಾಗ ಸರಿದರೆ ಎಲ್ಲರೂ ಒಟ್ಟಿಗೆ ಆ ಕಡೆ ಓಡುತ್ತಾರೆ. ಅದೇ ಜನ ಗಣಿಗೆ ಹೋದರೆ ಬಾಯಿ ಬಿಡೋದಿಲ್ಲ. ಯಾಕೆಂದರೆ ಸಾಮಾನ್ಯ ಬಂಡೆಯಲ್ಲಿ ಒಬ್ಬ ಅದಿರು ತೆಗೆದರೆ ಅದು ಎಲ್ಲರಿಗೂ ಖಾಲಿ.

ಕಬ್ಬಿಣದ ಗಣಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೂರು ಕಡೆ ಬಂಡೆ, ನಡುವೆ ನಿಲ್ಲಲು ಒಂದು ಚೌಕ. ಅಂಥ ಜಾಗ ಪ್ರತಿ ಗಣಿಯಲ್ಲೂ ಒಂದೋ ಎರಡೋ. ಅಲ್ಲಿ ನಿಂತರೆ ಕಾಲು ಕದಲಿಸದೆ ಒಂದಾದ ಮೇಲೊಂದು ಬಂಡೆ ಒತ್ತುತ್ತಾ ಇರಬಹುದು. ಮೂರನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ತುಂಬಿಕೊಂಡಿರುತ್ತದೆ. ಈಗ ಇನ್ನೊಬ್ಬ ಬರುತ್ತಾನೆ. ಈ ಆಟದಲ್ಲಿ ಇಬ್ಬರು ಒಂದೇ ಚೌಕದ ಮೇಲೆ ನಿಲ್ಲಬಹುದು, ಹಾಗಾಗಿ ಅವನು ಸೀದಾ ನಿಮ್ಮೊಳಗೇ ಬಂದು ನಿಲ್ಲುತ್ತಾನೆ. ಎರಡು ತಲೆ, ಎರಡು ಟೋಪಿ, ಒಂದೇ ದೇಹ ಅನ್ನುವ ಹಾಗೆ ಕಾಣುತ್ತದೆ. ಇಬ್ಬರ ಪಿಕಾಸಿಯೂ ಒಂದೇ ಬಂಡೆಗೆ. ಲೆವೆಲ್ ಜಾಸ್ತಿ ಇದ್ದವನಿಗೆ, ಒಳ್ಳೆಯ ಪಿಕಾಸಿ ಇದ್ದವನಿಗೆ ಅದಿರು ಹೆಚ್ಚು ಸಲ ಸಿಗುತ್ತದೆ. ಕಮ್ಮಿ ಇದ್ದವನು ಸುಮ್ನೆ ಕೈ ಬೀಸುತ್ತಾ ನಿಲ್ಲುತ್ತಾನೆ. ಇದಕ್ಕೆ ಆಟಗಾರರು ಕ್ರ್ಯಾಶ್ ಮಾಡೋದು ಅನ್ನುತ್ತಾರೆ.

ಇದು ನಿಯಮದ ಪ್ರಕಾರ ತಪ್ಪಲ್ಲ. ಬಂಡೆ ಯಾರ ಹೆಸರಲ್ಲೂ ಇಲ್ಲ. ಆದರೆ ರೂಢಿ ಅಂತ ಒಂದಿದೆ: ಮೊದಲು ಬಂದವರದು ಜಾಗ, ಆಮೇಲೆ ಬಂದವರು ವರ್ಲ್ಡ್ (ಇದೇ ಆಟ ನಡೆಯುವ ಇನ್ನೊಂದು ಸರ್ವರ್) ಬದಲಿಸಬೇಕು. ನೂರಕ್ಕೂ ಜಾಸ್ತಿ ವರ್ಲ್ಡ್ ಇವೆ, ಬದಲಿಸಲು ಕೆಲವೇ ಸೆಕೆಂಡು ಸಾಕು. ಅಷ್ಟನ್ನೂ ಮಾಡದೆ ಜಗಳಕ್ಕೆ ನಿಲ್ಲುವವರು ಇದ್ದಾರೆ. ಅವರ ಜೊತೆ ವಾದ ಮಾಡುವ ಹೊತ್ತಿಗೆ ಪಕ್ಕದ ವರ್ಲ್ಡ್‌ನಲ್ಲಿ ಅರ್ಧ ಚೀಲ ತುಂಬಿರುತ್ತದೆ, ಆದ್ದರಿಂದ ನಾನು ಮಾತಾಡದೆ ಹೋಗುತ್ತೇನೆ. ಕೇಳಬೇಕೆನಿಸಿದರೆ ಕೇಳುವ ರೀತಿ ಇದೆ. 'ಇನ್ನೂ ಎಷ್ಟು ಹೊತ್ತು ಇರ್ತೀರಾ?' ಅಂದರೆ ಹೆಚ್ಚಿನವರು ಉತ್ತರ ಕೊಡುತ್ತಾರೆ. ಎಷ್ಟೋ ಸಲ 'ಇದೊಂದು ಚೀಲ ತುಂಬಲಿ, ಆಮೇಲೆ ನಿಮ್ಮದೇ' ಅಂದವರಿದ್ದಾರೆ. 'ಇದು ನನ್ನ ಜಾಗ, ಎದ್ದೇಳು' ಅಂತ ಶುರುಮಾಡಿದರೆ ಅವರು ಏಳುವವರಾಗಿದ್ದರೂ ಏಳೋದಿಲ್ಲ. ಇನ್ನೊಂದು: 2014ರಲ್ಲಿ ಬಂದ ಐರನ್‌ಮ್ಯಾನ್ ಮೋಡ್‌ನವರು ಯಾರಿಂದಲೂ ಏನನ್ನೂ ಕೊಳ್ಳುವಂತಿಲ್ಲ, ಎಲ್ಲವನ್ನೂ ತಾವೇ ಅಗೆಯಬೇಕು. ಅವರ ಕಷ್ಟ ನಿಜ. ಆದರೆ ಆ ಕಷ್ಟ ಅವರೇ ಆರಿಸಿಕೊಂಡಿದ್ದು ಅಲ್ವಾ? ತಲೆ ಮೇಲೆ ಐರನ್‌ಮ್ಯಾನ್‌ನ ಬೂದು ಹೆಲ್ಮೆಟ್ ಇದೆ ಅಂತ ಸರದಿ ಮುರಿಯುವ ಹಕ್ಕು ಬರೋದಿಲ್ಲ.

ಮರ ಕಡಿಯುವವರ ಲೋಕ ಪೂರ್ತಿ ಬದಲಾಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಮೊದಲು ಯೂ ಮರದಲ್ಲಿ ಪ್ರತಿ ದಿಮ್ಮಿ ಸಿಕ್ಕಾಗಲೂ ಮರ ಬೀಳುವ ಸಾಧ್ಯತೆ ಇರುತ್ತಿತ್ತು. ಅಂದರೆ ಪಕ್ಕದವನಿಗೆ ಸಿಕ್ಕ ಒಂದೊಂದು ದಿಮ್ಮಿಯೂ ನನ್ನ ಮರದ ಆಯುಸ್ಸು ತಿನ್ನುತ್ತಿತ್ತು. ಸೀರ್ಸ್ ವಿಲೇಜ್‌ನ ಚರ್ಚಿನ ಹತ್ತಿರದ ಯೂ ಮರಗಳಿಗೆ ಯಾರಾದರೂ ಹೊಸಬರು ಬಂದರೆ ಮೊದಲಿದ್ದವರು ಒಂದು ಸಲ ನೋಡಿ, ಮಾತಾಡದೆ ಬೇರೆ ವರ್ಲ್ಡ್‌ಗೆ ಹೋಗಿಬಿಡುತ್ತಿದ್ದರು. 2023ರ ಜೂನ್‌ನಲ್ಲಿ ಫಾರೆಸ್ಟ್ರಿ ಅನ್ನುವ ಅಪ್‌ಡೇಟ್ ಬಂತು. ಮರ ಬೀಳೋದು ಈಗ ಗಡಿಯಾರದ ಲೆಕ್ಕ. ಯೂ ಮರಕ್ಕೆ ಸುಮಾರು ಎರಡು ನಿಮಿಷ, ಒಬ್ಬ ಕಡಿದರೂ ಅಷ್ಟೇ, ಹತ್ತು ಜನ ಕಡಿದರೂ ಅಷ್ಟೇ. ಮೇಲಾಗಿ, ಜೊತೆಗೆ ಕಡಿಯುವವರು ಹೆಚ್ಚಿದಷ್ಟೂ ಎಲ್ಲರಿಗೂ ಕಾಣದಂತೆ ಕೆಲವು ಲೆವೆಲ್‌ನ ಬಲ ಸೇರುತ್ತದೆ, ಹತ್ತರವರೆಗೆ.

ಅದೇ ಮರ, ಅದೇ ಜನ. ಈಗ ಯಾರಾದರೂ ಬಂದರೆ 'ಬನ್ನಿ ಬನ್ನಿ' ಅನ್ನುತ್ತಾರೆ! ಒಂಟಿಯಾಗಿ ಕಡಿಯುವವನನ್ನು ಕರೆದು 'ಈ ಕಡೆಯ ಮರಕ್ಕೆ ಬನ್ನಿ, ನಾವು ಆರು ಜನ ಇದ್ದೀವಿ' ಅನ್ನುತ್ತಾರೆ. ಯಾರಿಗೂ ಯಾರೂ ಬುದ್ಧಿ ಹೇಳಲಿಲ್ಲ, ಲೆಕ್ಕ ಬದಲಾಯಿತು ಅಷ್ಟೇ. ಬೇರೆ ಆಟಗಳು ಇದನ್ನು ಮೊದಲೇ ಮಾಡಿದ್ದವು. ಗಿಲ್ಡ್ ವಾರ್ಸ್ 2ರಲ್ಲಿ 2012ರಲ್ಲಿ ಶುರುವಾದಾಗಿನಿಂದಲೂ ಗಣಿ, ಗಿಡ ಎಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2016ರ ಲೀಜನ್ ವಿಸ್ತರಣೆಯಿಂದ ಒಂದೇ ಗಿಡವನ್ನು ಹಲವರು ಕೀಳಬಹುದು. ಇನ್ನೊಂದು ತುದಿಯಲ್ಲಿ ಬಾಹ್ಯಾಕಾಶದ ಆಟ ಈವ್ ಆನ್‌ಲೈನ್ ಇದೆ. ಅಲ್ಲಿ ಒಂದು ಗುಂಪು ಸುರಕ್ಷಿತ ಅನ್ನಿಸಿಕೊಂಡ ಪ್ರದೇಶದಲ್ಲೇ ಗಣಿಗಾರರ ಹಡಗು ಸುಡುತ್ತಾ, ಬೇಡ ಅಂದರೆ ವರ್ಷಕ್ಕೆ 1 ಕೋಟಿ ಐಎಸ್‌ಕೆ (ಆ ಆಟದ ಹಣ) ಕೊಟ್ಟು ನಮ್ಮ ಪರವಾನಗಿ ತಗೊಳ್ಳಿ ಅನ್ನುತ್ತಿತ್ತು. ಅದನ್ನೂ ಮೆಚ್ಚಿ ಆಡುವವರಿದ್ದಾರೆ. ನನಗೆ ಅಷ್ಟು ಗುಂಡಿಗೆ ಇಲ್ಲ.

ಇನ್ನು ದುಡ್ಡು. ಇಲ್ಲಿ ದುಡ್ಡು ಅಂದರೆ ಆಟದ ಚಿನ್ನ, ಜಿಪಿ. ಅದನ್ನು ಹೊರಗೆ ನಿಜವಾದ ಹಣಕ್ಕೆ ಮಾರೋದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅಕೌಂಟ್ ಹೋಗುತ್ತದೆ. 'ಆಟ ಆಡಿ ಸಂಪಾದಿಸಿ' ಅನ್ನುವ ವಿಡಿಯೋ ನೋಡಿ ಬಂದಿದ್ದರೆ ಆ ಆಸೆ ಬಿಡಿ.

ಆಟದೊಳಗಿನ ಗಳಿಕೆಗೆ ಬಂದರೆ, ಹೊಸಬರು ಕೇಳುವ ಮೊದಲ ಪ್ರಶ್ನೆ 'ಯಾವುದನ್ನು ಕಡಿದರೆ ಜಾಸ್ತಿ ಬರುತ್ತೆ?' ಅಂತ. ಉತ್ತರ ಪ್ರತಿ ತಿಂಗಳೂ ಬದಲಾಗುತ್ತದೆ, ಆದರೆ ಅದರ ಹಿಂದಿನ ಕಾರಣ ಬದಲಾಗೋದಿಲ್ಲ. ಕಡಿಮೆ ಲೆವೆಲ್‌ನಲ್ಲಿ, ಕಣ್ಣು ಮುಚ್ಚಿ ಮಾಡಬಹುದಾದ ಕೆಲಸಕ್ಕೆ ಬೆಲೆ ಇಲ್ಲ. ಎಲ್ಲರೂ ಮಾಡುತ್ತಾರೆ, ಬಾಟ್‌ಗಳೂ (ಮನುಷ್ಯರ ಬದಲು ತಾವೇ ಆಡುವ ಪ್ರೋಗ್ರಾಂಗಳು) ಮಾಡುತ್ತವೆ. ಇಷ್ಟಾದರೂ ಕೆಲವು ಸರಕಿನ ಬೆಲೆ ಪಾತಾಳಕ್ಕೆ ಇಳಿಯದಿರಲು ಒಂದು ಆಸರೆ ಇದೆ. ಯೂ ದಿಮ್ಮಿಯಿಂದ ಮಾಡಿದ ಯೂ ಲಾಂಗ್‌ಬೋ ಅನ್ನುವ ಬಿಲ್ಲಿನ ಮೇಲೆ, ವಸ್ತುವನ್ನು ಚಿನ್ನ ಮಾಡುವ ಹೈ ಆಲ್ಕೆಮಿ ಮಂತ್ರ ಹಾಕಿದರೆ ಯಾವತ್ತೂ 768 ಜಿಪಿ ಸಿಗುತ್ತದೆ. ಮಂತ್ರಕ್ಕೆ ಬೇಕಾದ ನೇಚರ್ ರೂನ್, ಬಿಲ್ಲಿನ ಹೆದೆ, ಎರಡರ ಖರ್ಚು ಕಳೆದರೆ ದಿಮ್ಮಿಗೆ ಒಂದು ತಳ ಸಿಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಯಾರೋ ಬಂದು ಬಾಚಿಕೊಂಡು ಹೋಗುತ್ತಾರೆ. ಹಸಿ ಮೀನಿಗೆ ಇಂಥ ಆಸರೆ ಇಲ್ಲ, ಅದನ್ನು ತಿನ್ನುವವರು ಬೇಕು.

ಲೆವೆಲ್ ಬೇಡುವ ಸರಕಿನ ಕಥೆ ಬೇರೆ. ರೂನೈಟ್ ಅದಿರು ಅಗೆಯಲು ಮೈನಿಂಗ್ ಲೆವೆಲ್ 85 ಬೇಕು, ಒಮ್ಮೆ ತೆಗೆದರೆ ಬಂಡೆ ಮತ್ತೆ ತುಂಬಲು ಹೆಚ್ಚಿನ ಕಡೆ ಹನ್ನೆರಡು ನಿಮಿಷ. ಹಾಗಾಗಿ ಯಾರೂ ಅಲ್ಲಿ ಕಾಯೋದಿಲ್ಲ, ವರ್ಲ್ಡ್ ಮೇಲೆ ವರ್ಲ್ಡ್ ಹಾರುತ್ತಾ ತುಂಬಿದ ಬಂಡೆ ಹುಡುಕುತ್ತಾರೆ. ಇಬ್ಬರು ಒಂದೇ ಕ್ಷಣಕ್ಕೆ ಬಂದಿಳಿದರೆ ಮಾತಿಲ್ಲ ಕಥೆಯಿಲ್ಲ, ಯಾರಿಗೆ ಸಿಕ್ಕರೆ ಅವರಿಗೆ, ಮರುಕ್ಷಣ ಇಬ್ಬರೂ ಮಾಯ. ಸಂಪಾದನೆ ಇದೆ, ಆದರೆ ಅರ್ಧ ಗಂಟೆಗೆ ತಲೆ ಗಿರ್ ಅನ್ನುತ್ತದೆ. 92ಕ್ಕೆ ತೆರೆದುಕೊಳ್ಳುವ ಅಮೆಥಿಸ್ಟ್ ಹರಳು ಇದಕ್ಕಿಂತ ವಾಸಿ. ಗಣಿ ಗಿಲ್ಡ್‌ನ ಮೂಲೆಯಲ್ಲಿ ಕೂತು, ಬೇರೆ ಕೆಲಸ ನೋಡಿಕೊಳ್ಳುತ್ತಾ, ಆಗಾಗ ಒಂದು ಸಲ ಒತ್ತಿದರೆ ಆಯಿತು.

ನನ್ನ ಸಂಪಾದನೆಯ ದೊಡ್ಡ ಪಾಲು ಮಾತ್ರ ಬಂದಿದ್ದು ಯಾರ ಜೊತೆಯೂ ಜಾಗಕ್ಕೆ ಗುದ್ದಾಡದ ಕೆಲಸದಿಂದ, ಗಿಡಮೂಲಿಕೆಯ ಬೇಸಾಯದಿಂದ. ಪಾತಿ ಎಲ್ಲರಿಗೂ ಒಂದೇ ಕಡೆ ಕಾಣುತ್ತದೆ, ಆದರೆ ನನ್ನ ಬೆಳೆ ನನಗೆ ಮಾತ್ರ. ಬಿತ್ತಿ 80 ನಿಮಿಷ ಬಿಟ್ಟು ಬಂದರೆ ಕೊಯ್ಲು. ಅಷ್ಟರಲ್ಲಿ ಆಟದಿಂದ ಹೊರಗಿದ್ದರೂ ಬೆಳೆಯುತ್ತಿರುತ್ತದೆ. ಅಲ್ಟ್ರಾಕಾಂಪೋಸ್ಟ್ ಗೊಬ್ಬರ ಹಾಕಿದರೆ, ರೋಗ ಬಂದು ಸಾಯದ ಗಿಡದಿಂದ ಕನಿಷ್ಠ 6 ಎಲೆಗಂತೂ ಮೋಸವಿಲ್ಲ. ರಾನಾರ್ ಅನ್ನುವ ಮೂಲಿಕೆ ಬೆಳೆಯಲು ಫಾರ್ಮಿಂಗ್ ಲೆವೆಲ್ 32 ಸಾಕು. ಅದರಿಂದ ಪ್ರೇಯರ್ ಪೋಶನ್ ಅನ್ನುವ ಮದ್ದು ಆಗುತ್ತದೆ, ಬಾಸ್ ಹೊಡೆಯುವವರಿಗೆ ಅದಿಲ್ಲದೆ ನಡೆಯೋದಿಲ್ಲ. ಅವರು ಹೊಡೆಯುತ್ತಿರಲಿ, ನಾನು ಬಿತ್ತುತ್ತಿರುತ್ತೇನೆ. ಬೀಜದ ಬೆಲೆ ಏರಿದಾಗ ಲೆಕ್ಕ ಹಾಕದೆ ಬಿತ್ತಬೇಡಿ, ಅಷ್ಟೇ.

ಮಾರೋದು ಗ್ರ್ಯಾಂಡ್ ಎಕ್ಸ್‌ಚೇಂಜ್ ಅನ್ನುವ ಆಟದೊಳಗಿನ ಮಾರುಕಟ್ಟೆಯಲ್ಲಿ. ಈ ಆಟಕ್ಕೆ ಅದು ಬಂದಿದ್ದು 2015ರಲ್ಲಿ, ಅದೂ ಆಟಗಾರರ ಮತದಿಂದಲೇ. ಈಗ ಮಾರುವವರಿಂದ 2% ತೆರಿಗೆ ಹಿಡಿಯುತ್ತಾರೆ. 2021ರ ಕೊನೆಯಲ್ಲಿ 1% ಅಂತ ಶುರುವಾಗಿ 2025ರಲ್ಲಿ ದುಪ್ಪಟ್ಟಾಯಿತು. 50 ಜಿಪಿಗಿಂತ ಅಗ್ಗದ ವಸ್ತುವಿಗೆ ತೆರಿಗೆ ಸೊನ್ನೆ. ಕೂಲಿಯವರು ಕಳೆದುಕೊಳ್ಳೋದು ತೆರಿಗೆಯಲ್ಲಲ್ಲ, ಅವಸರದಲ್ಲಿ. ಚೀಲ ತುಂಬಿದ ಕೂಡಲೇ ಸಿಕ್ಕ ಬೆಲೆಗೆ ತಳ್ಳಿಬಿಡುತ್ತಾರೆ. ಆ ಆತುರವನ್ನೇ ಕಾಯುತ್ತಾ ಕೂತು, ಕೊಂಡು, ಮಾರನೇ ದಿನ ಮಾರಿ ಬದುಕುವ ವ್ಯಾಪಾರಿಗಳಿದ್ದಾರೆ. ನಾನು ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ, ಮೇಲಿನ ತುದಿಗೆ ಹತ್ತಿರ ಒಂದು ಬೆಲೆ ಹಾಕಿ ಮಲಗುತ್ತೇನೆ. ಬೆಳಿಗ್ಗೆ ಹೊತ್ತಿಗೆ ಹೆಚ್ಚಾಗಿ ಹೋಗಿರುತ್ತದೆ.

ಆಟದ ಉಚಿತವಲ್ಲದ ಭಾಗಕ್ಕೆ ಕಟ್ಟುವ ಸದಸ್ಯತ್ವದ ದುಡ್ಡನ್ನು ಆಟದಲ್ಲೇ ದುಡಿಯಬಹುದಾ? ಬಹುದು. ಬಾಂಡ್ ಅನ್ನೋದನ್ನು ಚಿನ್ನ ಕೊಟ್ಟು ಕೊಂಡರೆ 14 ದಿನದ ಸದಸ್ಯತ್ವ ಸಿಗುತ್ತದೆ. ಆದರೆ 2015ರಲ್ಲಿ ಬಂದಾಗಿನ ಬೆಲೆಗೂ ಈಗಿನದಕ್ಕೂ ಅಜಗಜಾಂತರ. ಬರೀ ಮರ ಕಡಿದು ಬಾಂಡ್ ಕೊಳ್ಳಲು ಹೊರಟರೆ 14 ದಿನ ಆಡಲು 14 ದಿನ ದುಡಿದಂತಾಗುತ್ತದೆ, ಆಡೋದು ಯಾವಾಗ? ಬೇಸಾಯ ತಪ್ಪದೆ ಮಾಡಿ, ಜೊತೆಗೆ ಅಮೆಥಿಸ್ಟ್ ಇಟ್ಟುಕೊಂಡರೆ ಹೊಂದಿಸಬಹುದು. ನಾನು ಕೆಲಕಾಲ ಹೊಂದಿಸಿ, ಆಮೇಲೆ ಕೈಯಿಂದಲೇ ಕಟ್ಟಲು ಶುರುಮಾಡಿದೆ. ಅಂದಿನಿಂದ ಮರ ಕಡಿಯೋದು ಮತ್ತೆ ಖುಷಿ ಕೊಡುತ್ತಿದೆ.

ದೂರು ಇಲ್ಲ ಅಂತಲ್ಲ. ಬಾಟ್‌ಗಳ ಕಾಟ ಇಂದಿಗೂ ಇದೆ. ಅರ್ಥವಿಲ್ಲದ ಅಕ್ಷರಗಳ ಹೆಸರು, ಒಂದೇ ದಾರಿಯಲ್ಲಿ ಒಂದೇ ಹೆಜ್ಜೆ, ಕೇಳಿದರೆ ಉತ್ತರವಿಲ್ಲ. ದೊಡ್ಡ ಸಂಖ್ಯೆಯಲ್ಲಿ ಅವನ್ನು ಬ್ಯಾನ್ ಮಾಡಿದಾಗ ಸರಕಿನ ಬೆಲೆ ಏರುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ಅನುಮಾನ ಬಂದರೆ ರಿಪೋರ್ಟ್ ಮಾಡಿ ಮುಂದೆ ಹೋಗಿ, ಬೈಯ್ಯಬೇಡಿ. ಬಾಟ್ ಅಂದುಕೊಂಡವರು ಎಷ್ಟೋ ಸಲ ಫೋನಿನಲ್ಲಿ ಒಂದು ಕಣ್ಣಿಟ್ಟು ಬೇರೇನೋ ಮಾಡುತ್ತಿರುವ ಮನುಷ್ಯರೇ ಆಗಿರುತ್ತಾರೆ. ವೆನಿಜುವೆಲಾದಲ್ಲಿ ಹಣದ ಬೆಲೆ ಕುಸಿದಾಗ ಅಲ್ಲಿನ ಎಷ್ಟೋ ಜನ ಈ ಆಟದ ಚಿನ್ನ ಮಾರಿ ಹೊಟ್ಟೆ ಹೊರೆದರು. ನಿಯಮ ಮುರಿದಿದ್ದು ಹೌದು. ಆದರೆ ಆಗ ಚಾಟ್‌ನಲ್ಲಿ ಅವರ ಮೇಲೆ ಹರಿದ ಮಾತುಗಳು ಮಾತ್ರ ಅಸಹ್ಯವಾಗಿದ್ದವು.

ಯಾರಿಗೆ ಹೇಳಿ ಮಾಡಿಸಿದ ಆಟ? ಕೆಲಸದ ಮಧ್ಯೆ ಪಕ್ಕದಲ್ಲಿ ಏನೋ ಒಂದು ನಿಧಾನಕ್ಕೆ ಬೆಳೆಯುತ್ತಿರಲಿ ಅನ್ನುವವರಿಗೆ. ಮೊದಲು ಉಚಿತ ಭಾಗದಲ್ಲಿ ಕೆಲವು ವಾರ ಅಗೆದು ನೋಡಿ. ಬೇಸಾಯ ಮಾತ್ರ ಸದಸ್ಯರಿಗಷ್ಟೇ, ಅದು ಮನಸ್ಸಿನಲ್ಲಿರಲಿ. ಮರಕ್ಕೆ ಮಾಡಿದ್ದನ್ನು ಬಂಡೆಗೂ ಮಾಡಲಿ ಅನ್ನೋದು ನನ್ನ ಒಂದೇ ಆಸೆ. ಇಲ್ಲಿ ದೊಡ್ಡ ಬದಲಾವಣೆಗೆ 70% ಮತ ಬೇಕು. ಅಂಥ ಪ್ರಶ್ನೆ ಬಂದ ದಿನ ನಾನು ಹೌದು ಅಂತ ಒತ್ತುತ್ತೇನೆ, ರೂನೈಟ್ ಹಿಂದೆ ವರ್ಲ್ಡ್ ಹಾರುವ ಗೆಳೆಯರು ಇಲ್ಲ ಅಂತಲೇ ಒತ್ತುತ್ತಾರೆ. ಎಲ್ಲರಿಗೂ ಸಿಗುವಂತಾದರೆ ಅವರ ಅದಿರಿಗೆ ಈ ಬೆಲೆ ಉಳಿಯೋದಿಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.