ಪಶ್ಚಿಮದ ಕಿಟಕಿಗೆ ಕ್ರೀಮೋ, ಪಿಸ್ತಾ ಹಸಿರೋ?

ದಾವಣಗೆರೆಯ ಬೇಸಿಗೆಯಲ್ಲಿ ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಗೆ ಕ್ರೀಮ್ ಬಣ್ಣ ಬೇಡ. ವಿದ್ಯಾನಗರದ ನಮ್ಮ ಮನೆಯಲ್ಲಿ ಮಗಳು ಓದುವ ಕೋಣೆಗೆ ಎರಡೂ ಬಣ್ಣ ಹೊಡೆಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಶೇಡ್ ಕಾರ್ಡಿನ ಹೆಬ್ಬೆರಳಗಲದ ಚೌಕದಲ್ಲಿ ಎರಡೂ ಚಂದವೇ. ಅದಕ್ಕೇ ಸ್ಯಾಂಪಲ್ ಡಬ್ಬಿ ತಂದು, ಪ್ರೈಮರ್ ಆಗಿದ್ದ ಗೋಡೆಗೆ ಕಿಟಕಿಯ ಪಕ್ಕ ಒಂದು ಕಡೆ, ಅದರ ಎದುರು ಒಂದು ಕಡೆ, ಎರಡು ಬಣ್ಣವನ್ನೂ ಎರಡೆರಡು ಕೋಟ್ ಹೊಡೆಸಿದೆ. ಹಸಿಯಿರುವಾಗ ತೀರ್ಮಾನ ಮಾಡಬೇಡಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ.

ಬೆಳಿಗ್ಗೆ ಕ್ರೀಮ್‌ದೇ ಮೇಲುಗೈ. ಆ ಹೊತ್ತಿಗೆ ಈ ಕೋಣೆಗೆ ನೇರ ಬಿಸಿಲಿಲ್ಲ, ಇರುವ ಬೆಳಕನ್ನೇ ಕ್ರೀಮ್ ಚೆನ್ನಾಗಿ ಹರಡುತ್ತದೆ. ಬಣ್ಣವೊಂದು ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆಂದು ತೋರಿಸುವ ಎಲ್‌ಆರ್‌ವಿ ಎಂಬ ಅಂಕಿ ಇದೆ: ಕಪ್ಪಿಗೆ 0, ಅಚ್ಚ ಬಿಳಿಗೆ 100. ಇದರಲ್ಲಿ ಪಿಸ್ತಾ ಕ್ರೀಮ್‌ಗಿಂತ ಕೆಳಗೆ, ಹಾಗಾಗಿ ಬೆಳಿಗ್ಗೆ ಕೋಣೆ ಸ್ವಲ್ಪ ಮಬ್ಬು.

ಮಧ್ಯಾಹ್ನ ಮೂರು ಗಂಟೆಯ ನಂತರ ಲೆಕ್ಕ ತಿರುಗುತ್ತದೆ. ಇಳಿಬಿಸಿಲಿನಲ್ಲಿ ಹಳದಿ, ಕೆಂಪು ಹೆಚ್ಚು. ಕ್ರೀಮ್‌ನಲ್ಲಿ ಮೊದಲೇ ಹಳದಿಯಿದೆ, ಎರಡೂ ಸೇರಿ ಗೋಡೆಗೆ ಅರಿಶಿನ ಮೆತ್ತಿದಂತೆ. ಏಪ್ರಿಲ್‌ನ ಧಗೆಯಲ್ಲಿ ಅದನ್ನು ನೋಡುತ್ತಾ ಕೂತರೆ ಕಣ್ಣು ಉರಿಯುತ್ತದೆ. ಪಿಸ್ತಾ ಆ ಕೆಂಪನ್ನು ಹೀರಿಕೊಂಡು ಎಳೆಯ ಎಲೆಯ ಬಣ್ಣಕ್ಕೆ ನಿಲ್ಲುತ್ತದೆ. ಇದರಿಂದ ಸೆಕೆ ಇಳಿಯಿತೆಂದು ಹೇಳುತ್ತಿಲ್ಲ. ಬಿಸಿಲು ತಡೆಯಬೇಕಾದ್ದು ತಾರಸಿ, ಹೊರಗೋಡೆ ಮತ್ತು ಕಿಟಕಿಯ ಪರದೆ. ನಾನು ಹೇಳುತ್ತಿರುವುದು ಕಣ್ಣಿನ ತಂಪು. ಸಂಜೆ ಹೊತ್ತು ಓದುವ ಹುಡುಗಿಗೆ ಅದೇ ಮುಖ್ಯ.

ರಾತ್ರಿಯ ಲೆಕ್ಕ ಬಲ್ಬಿನ ಮೇಲೆ ನಿಂತಿದೆ. 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಎಲ್‌ಇಡಿಯಲ್ಲಿ ಪಿಸ್ತಾ ಮಂಕಾಗಿ ಕಾಣುತ್ತದೆ, ಕ್ರೀಮ್ ಮುದ್ದಾಗಿರುತ್ತದೆ. 6500ರ ಬಿಳಿ ಟ್ಯೂಬ್ ಹಾಕಿದರೆ ಪಿಸ್ತಾ ಸ್ವಚ್ಛ, ಕ್ರೀಮ್ ಸಪ್ಪೆ. ನಮ್ಮಲ್ಲಿರುವುದು ಬಿಳಿ ಟ್ಯೂಬೇ.

ಧೂಳು, ಕೈಗುರುತು ಎರಡರಲ್ಲೂ ಕಾಣುತ್ತವೆ, ಕ್ರೀಮ್‌ನಲ್ಲಿ ಬೇಗ. ಒರೆಸಿದರೆ ಹೋಗುವುದು ಬಿಡುವುದು ಬಣ್ಣಕ್ಕಿಂತ ಫಿನಿಶ್‌ಗೆ ಸೇರಿದ್ದು, ಮಕ್ಕಳ ಕೋಣೆಗೆ ಪೂರ್ತಿ ಮ್ಯಾಟ್ ಬೇಡ, ಸ್ವಲ್ಪ ಹೊಳಪಿರುವುದೇ ವಾಸಿ.

ಕೊನೆಗೆ ಪಿಸ್ತಾ ಹೊಡೆಸಿದೆವು, ಅದೂ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಶೇಡ್ ತಿಳಿ. ಎದುರುಬದುರು ಗೋಡೆಗಳು ಒಂದರ ಮೇಲೊಂದು ಬಣ್ಣ ಚೆಲ್ಲುವುದರಿಂದ ನಾಲ್ಕೂ ಗೋಡೆ ಮುಗಿದಾಗ ಹಸಿರು ಏರಿ ಕಾಣುತ್ತದೆ. ಸೀಲಿಂಗ್ ಬಿಳಿಯೇ ಇರಲಿ, ಬೆಳಗಿನ ಮಬ್ಬು ಅಷ್ಟು ಕಡಿಮೆ. ಉತ್ತರಕ್ಕೆ ಕಿಟಕಿಯಿರುವ ಹಾಲ್‌ಗೆ ಮಾತ್ರ ಕ್ರೀಮ್ ಹೊಡೆಸಿದ್ದೇವೆ, ಅಲ್ಲಿನ ತಣ್ಣನೆ ಬೆಳಕಿಗೆ ಅದು ಹೇಳಿ ಮಾಡಿಸಿದ ಹಾಗಿದೆ.