ಗಂಜ್‌ನಲ್ಲಿ ಮೂರು ವರ್ಷ ಕಾಲರ್ ಐಡಿ ಆ್ಯಪ್ ಬಳಸಿ ನೋಡಿದ್ದು

ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜ್‌ನಲ್ಲಿ ಒಂದು ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಯ ಲೆಕ್ಕ ಬರೆಯೋದು ನನ್ನ ಕೆಲಸ. ತೊಗರಿ ಸೀಸನ್ ಶುರುವಾದರೆ ಸಾಕು, ಆಳಂದದಿಂದ, ಚಿತ್ತಾಪುರದಿಂದ ಗೊತ್ತಿಲ್ಲದ ನಂಬರುಗಳ ಸಾಲು, ಎಲ್ಲರದ್ದೂ ಒಂದೇ ಪ್ರಶ್ನೆ, "ಇವತ್ ರೇಟ್ ಏನ್ ನಡದದ್ರಿ?" ನಡುನಡುವೆ ಲೋನ್ ಬೇಕಾ ಅನ್ನುವವರು. ಅದಕ್ಕೇ ಕರೆ ಮಾಡಿದವರ ಹೆಸರು ತೋರಿಸುವ ಈ ಆ್ಯಪ್ ಹಾಕಿಕೊಂಡೆ. ಹೆಸರು ಹೇಳಲ್ಲ, ಇಂಥವೆಲ್ಲ ಹೆಚ್ಚುಕಮ್ಮಿ ಒಂದೇ ಥರ.

ಮೊದಮೊದಲು ಖುಷಿಯಾಯ್ತು. ಫೋನ್ ಬಡಿದ ಕೂಡಲೇ "ಸೇಡಂ ಟ್ರ್ಯಾಕ್ಟರ್", "ಚೀಲದ ಅಂಗಡಿ ಹೊಸದು" ಅಂತ ಬರ್ತಿತ್ತು. ಈ ಹೆಸರು ಕಂಪನಿಯವರು ವಿಚಾರಿಸಿ ಹಾಕಿದ್ದಲ್ಲ, ಯಾರೋ ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದು ಅನ್ನೋದು ಆಮೇಲೆ ತಲೆಗೆ ಹೋಯ್ತು.

ಅದೂ ನನ್ನ ಮೇಲೇ ಬಂದಾಗ. ಹೋದ ವರ್ಷ ಒಬ್ಬ ರೈತರ ಮಾಲು ಮಾರಿದ ಹಣ ರೆಡಿ ಇತ್ತು, ಎರಡು ದಿನ ಫೋನ್ ಮಾಡಿದರೂ ಎತ್ತಲಿಲ್ಲ. ಮೂರನೇ ದಿನ ಅಂಗಡಿಗೇ ಬಂದು ಮೊಬೈಲ್ ನನ್ನ ಮುಂದೆ ಹಿಡಿದರು. "ಮುನೀಮ್ರ, ನಿಮ್ ಹೆಸ್ರು ಏನ್ ಬಂದದ ನೋಡ್ರಿ." ಕೆಂಪು ಪಟ್ಟಿಯ ಮೇಲೆ "ಉದ್ರಿ ವಸೂಲಿ" ಅಂತಿತ್ತು! ಯಾರೋ ಬಾಕಿದಾರರು ಹಾಗೆ ಸೇವ್ ಮಾಡಿರಬೇಕು, ಸಿಟ್ಟು ಬಂದಾಗ ಸ್ಪ್ಯಾಮ್ ಅಂತಲೂ ಒತ್ತಿರಬೇಕು. ಹೆಸರು ತಿದ್ದಿಸೋಕೆ ಆ್ಯಪ್‌ನಲ್ಲಿ ದಾರಿ ಇದೆ, ತಿದ್ದಿಸಿದೆ. ಆದರೆ ಅಲ್ಲಿವರೆಗೆ ಎಷ್ಟು ಜನ ಫೋನ್ ಎತ್ತಿಲ್ಲವೋ ಯಾರಿಗೆ ಗೊತ್ತು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಪಕ್ಕದ ಅಂಗಡಿಯವರಿಗೆ ಹತ್ತಂಕಿಯ ಮಾಮೂಲಿ ನಂಬರಿನಿಂದ ಕೆವೈಸಿ ಮೆಸೇಜ್ ಬಂತು, ಆ್ಯಪ್ ಅದಕ್ಕೆ ಬ್ಯಾಂಕಿನ ಹೆಸರನ್ನೇ ತೋರಿಸ್ತು. ಲಿಂಕ್ ಒತ್ತೋಕೆ ಬೆರಳು ಇಟ್ಟಿದ್ದರು, ನಾನು ನೋಡಿ ತಡೆದೆ. ಅಲ್ಲಿಂದ ಮೆಸೇಜ್ ವಿಷಯದಲ್ಲಿ ಆ್ಯಪ್ ತೋರಿಸುವ ಹೆಸರು ನೋಡೋದೇ ಬಿಟ್ಟೆ, ಕಳಿಸಿದವರ ಗುರುತಿನ ಅಕ್ಷರ ನೋಡ್ತೀನಿ. ಮೊದಲ ಎರಡು ಅಕ್ಷರದಲ್ಲಿ ಒಂದು ಟೆಲಿಕಾಂ ಕಂಪನಿಯದು (ಜೆ ಅಂದರೆ ಜಿಯೋ, ಎ ಅಂದರೆ ಏರ್‌ಟೆಲ್), ಇನ್ನೊಂದು ಸರ್ಕಲ್ಲಿನದು, ಅಂದರೆ ಟೆಲಿಕಾಂ ಸೇವೆಯ ಪ್ರದೇಶದ್ದು, ಕರ್ನಾಟಕಕ್ಕೆ ಎಕ್ಸ್. ಅದು ಮೆಸೇಜ್ ಎಲ್ಲಿಂದ ಹೊರಟಿತು ಅನ್ನೋದು ಅಷ್ಟೇ, ಬೇರೆ ಅಕ್ಷರ ಇದ್ದರೆ ಗಾಬರಿ ಬೇಡ. ಆಮೇಲೆ ನೋಂದಾಯಿಸಿದ ಹೆಸರು. ಕೊನೆಗೆ ಒಂದು ಅಕ್ಷರ, ಇದು 2025ರಿಂದ ಬಂದಿದ್ದು: ಪಿ ಅಂದರೆ ಜಾಹೀರಾತು, ಎಸ್ ಸೇವೆ, ಟಿ ಒಟಿಪಿ ಥರದ ವಹಿವಾಟು, ಜಿ ಸರ್ಕಾರ. ಬ್ಯಾಂಕಿನ ಹೆಸರು ಹೇಳಿಕೊಂಡು ಕೊನೆಗೆ ಪಿ ಇರುವ ಮೆಸೇಜ್ ನಾನು ಓದೋದೇ ಇಲ್ಲ. ಕರೆಗಳಲ್ಲಿ 140ರಿಂದ ಶುರುವಾಗುವ ನಂಬರು ಜಾಹೀರಾತಿನದು. 1600ರಿಂದ ಶುರುವಾಗುವುದು ಬ್ಯಾಂಕು, ವಿಮೆಯವರ ಸೇವೆಯ ಕರೆಗೆ ಅಂತ ಇಟ್ಟಿದ್ದು. ಕಾಟ ಜಾಸ್ತಿಯಾದರೆ 1909ಕ್ಕೆ ದೂರು ಕೊಡಬಹುದು. ಇದಕ್ಕೆಲ್ಲ ಯಾವ ಆ್ಯಪೂ ಬೇಡ ಅಲ್ವಾ?

ಹಾಗಂತ ಆ್ಯಪ್ ತೆಗೆದಿಲ್ಲ. ಲೋನಿನವರನ್ನು ತಡೆಯೋದರಲ್ಲಿ ಚೆನ್ನಾಗಿದೆ. ನನ್ನ ಕಾಂಟ್ಯಾಕ್ಟ್ ಓದುವ ಅನುಮತಿ ಮಾತ್ರ ಬಂದ್ ಮಾಡಿದ್ದೇನೆ, ರೈತರ ನಂಬರು ಸುಮ್ನೆ ಯಾಕೆ ಕೊಡಬೇಕು. ಐದಕ್ಕೆ ಮೂರು ಸ್ಟಾರ್.

ಕರೆ ಮಾಡಿದವರ ಹೆಸರನ್ನು ಟೆಲಿಕಾಂ ಕಂಪನಿಗಳೇ ತೋರಿಸಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ಶಿಫಾರಸು ಮಾಡಿದೆ. ಅದರಲ್ಲಿ ಬರೋದು ಸಿಮ್ ಅರ್ಜಿಯಲ್ಲಿರುವ ಹೆಸರು. "ಉದ್ರಿ ವಸೂಲಿ" ಕಾಟ ತಪ್ಪುತ್ತೆ, ಸರಿ. ಆದರೆ ಊರಲ್ಲಿ ಅವ್ವನ ಸಿಮ್ ನನ್ನ ಹೆಸರಲ್ಲಿದೆ, ತಂಗಿಯದ್ದೂ ನನ್ನದೇ. ಇನ್ನು ಅವ್ವ ಹಾಲಿನವನಿಗೆ ಫೋನ್ ಮಾಡಿದರೂ ಅವನು "ಹೇಳ್ರಿ ಮುನೀಮ್ರ" ಅಂತಲೇ ಎತ್ತಬೇಕು.