ರೂಫಸ್, ವೆಂಟಾಯ್, ಮೈಕ್ರೋಸಾಫ್ಟ್‌ನ ಸ್ವಂತ ಟೂಲ್: ಹಳೇ ಕಂಪ್ಯೂಟರಿಗೆ ವಿಂಡೋಸ್ ಹಾಕಲು ಯಾವುದು?

ವಿಂಡೋಸ್ ಹಾಕುವಾಗ ಎರರ್ ಬಂತೆಂದರೆ ಮೊದಲು ಬೈಸಿಕೊಳ್ಳುವುದು ಹಾರ್ಡ್ ಡಿಸ್ಕ್, ಆಮೇಲೆ ರ‍್ಯಾಮ್. ಪೆನ್ ಡ್ರೈವ್ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಗದಗಿನಲ್ಲಿ ನಮ್ಮ ಮಾಮಾನ ಮನೆಯ ಕಂಪ್ಯೂಟರಿಗೆ ಓಎಸ್ (ವಿಂಡೋಸ್ ಥರದ, ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್) ಹಾಕಲು ಕೂತಾಗ, ಬೂಟ್ ಆಗುವ, ಅಂದರೆ ಕಂಪ್ಯೂಟರನ್ನು ಶುರು ಮಾಡಬಲ್ಲ, ಪೆನ್ ಡ್ರೈವ್ ತಯಾರಿಸುವ ಮೂರು ಟೂಲ್‌ಗಳನ್ನು ಒಂದರ ಹಿಂದೆ ಒಂದು ಬಳಸಿ ನೋಡುವ ಪ್ರಸಂಗ ಬಂತು. ಮೂರೂ ಪುಕ್ಕಟೆ. ಎಲ್ಲ ಸರಿಯಿದ್ದಾಗ ಮೂರೂ ಕೆಲಸ ಮಾಡುತ್ತವೆ. ಆದರೆ ಏನೋ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ತೋರಿಸಿಕೊಡುವ ವಿಷಯಕ್ಕೆ ಬಂದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಮಾಮಾ ಬೆಟಗೇರಿಯ ಮನೆಯಲ್ಲೇ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಟೈಪ್ ಮಾಡಿ ಪ್ರೆಸ್ಸಿಗೆ ಕೊಡುತ್ತಾರೆ. ಯಂತ್ರ ಹಳೆಯದು: ಇಂಟೆಲ್‌ನ 4ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, ಫೈಲುಗಳೆಲ್ಲ ಇರುವ 1 ಟಿಬಿ ಹಾರ್ಡ್ ಡಿಸ್ಕ್. ಅದರ ಜೊತೆಗೆ ಈಚೆಗೆ ಅಂಗಡಿಯಲ್ಲಿ ಹಾಕಿಸಿದ 240 ಜಿಬಿ ಎಸ್ಎಸ್‌ಡಿ. ಅಂಗಡಿಯವರು ಹಾಕಿಕೊಟ್ಟ ವಿಂಡೋಸ್ ಸ್ವಲ್ಪ ದಿನಕ್ಕೇ ಕೈಕೊಟ್ಟಿತ್ತು. ಫೋನ್ ಮಾಡಿದರೆ, "ತಂದ್ ಕೊಡ್ರಿ, ಮತ್ತೊಮ್ಮೆ ಫಾರ್ಮ್ಯಾಟ್ ಹೊಡೀತೀವಿ" ಅನ್ನುವ ಉತ್ತರ. ಅಂಗಡಿಯ ದಾರಿ ತಪ್ಪೆಂದು ನಾನು ಹೇಳುವುದಿಲ್ಲ. ಬೋರ್ಡ್ ರಿಪೇರಿ ಇದ್ದರೆ ಅಲ್ಲಿಗೇ ಹೋಗಬೇಕು. ಆದರೆ ಬರೀ ಓಎಸ್ ಹಾಕಿಸಲು ಹೋದರೆ ಆ್ಯಂಟಿವೈರಸ್ ಬಂದ್ ಮಾಡಿ, ಲೈಸೆನ್ಸ್ ಇಲ್ಲದೆ ವಿಂಡೋಸ್ ಚಾಲೂ ಮಾಡುವ ಆ್ಯಕ್ಟಿವೇಟರ್ ಓಡಿಸಿದ ಕಾಪಿ ಕೈಗೆ ಬರುವುದು ಹೊಸದೇನಲ್ಲ. ಯಾವ ಐಎಸ್ಒ (ಇಡೀ ಓಎಸ್ ಇರುವ ಒಂದೇ ಫೈಲ್) ಹಾಕಿದರು, ಎಲ್ಲಿಂದ ತಂದರು ಅನ್ನುವುದು ನಮಗೆ ಗೊತ್ತಾಗುವುದೇ ಇಲ್ಲ.

ಯಾವ ಟೂಲ್ ಬಳಸಿದರೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಎರಡು ಡಿಸ್ಕ್ ಇದ್ದರೆ, ಫೈಲುಗಳಿರುವ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಕಿತ್ತಿಡಿ. ಕೈ ತಪ್ಪಿ ಬೇರೆ ಪಾರ್ಟಿಷನ್ (ಡಿಸ್ಕಿನ ಭಾಗ) ಅಳಿಸುವ ಭಯ ಇರುವುದಿಲ್ಲ. ಇನ್ನೊಂದು ಕಾರಣವೂ ಇದೆ: ವಿಂಡೋಸ್ ಸೆಟಪ್ ಕೆಲವೊಮ್ಮೆ ಓಎಸ್ಅನ್ನು ಎಸ್ಎಸ್‌ಡಿಗೆ ಹಾಕಿ, ಬೂಟ್ ಫೈಲುಗಳನ್ನು ಮಾತ್ರ ಹಳೇ ಡಿಸ್ಕಿನಲ್ಲಿ ಇಟ್ಟುಬಿಡುತ್ತದೆ. ಮುಂದೆ ಯಾವಾಗಲೋ ಆ ಡಿಸ್ಕ್ ತೆಗೆದರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ.

"ಲೇ ತಮ್ಮಾ, ಫೈಲ್ ಒಂದ್ ಹೋದ್ರೂ ನನ್ನ ಸೀಸನ್ ಹೋತ್ ನೋಡು."

"ಹಳೇ ಡಿಸ್ಕಿನ ವಾಯರ್ ತಗದ್ ಇಟ್ಟೇನ್ ಮಾಮಾ, ಇನ್ನ ಅದಕ್ಕ ಏನೂ ಆಗಂಗಿಲ್ಲ."

ಮೊದಲು ಹಿಡಿದದ್ದು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್. 8 ಜಿಬಿ ಪೆನ್ ಡ್ರೈವ್ ಸಾಕು. ವಿಂಡೋಸನ್ನು ತಾನೇ ಇಳಿಸಿ, ತಾನೇ ಬರೆಯುತ್ತದೆ. ಹೆಚ್ಚು ಏನೂ ಕೇಳುವುದಿಲ್ಲ, ತೊಡಕು ಇರುವುದೂ ಅಲ್ಲೇ. ಇದರಲ್ಲಿ ಮಾಡಿದ ವಿಂಡೋಸ್ 10 ಪೆನ್ ಡ್ರೈವ್ ಹಳೇ ಬಯಾಸ್ ಮೋಡಿನಲ್ಲೂ, ಯುಇಎಫ್ಐ ಮೋಡಿನಲ್ಲೂ ಬೂಟ್ ಆಗುತ್ತದೆ. ಬಯಾಸ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಬೋರ್ಡಿನೊಳಗಿನ ಪ್ರೋಗ್ರಾಂ, ಯುಇಎಫ್ಐ ಅದರ ಹೊಸ ರೂಪ. ಹಾಗಾಗಿ ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವಿನ ಹೆಸರು ಎರಡು ಸಲ ಕಾಣುತ್ತದೆ. ಒಂದರ ಮುಂದೆ ‘ಯುಇಎಫ್ಐ’ ಅಂತ ಇರುತ್ತದೆ, ಇನ್ನೊಂದು ಬೋಳು ಹೆಸರು. ಹೆಚ್ಚಿನವರು ಮೇಲಿರುವುದಕ್ಕೆ ಎಂಟರ್ ಒತ್ತುತ್ತಾರೆ. ಇಲ್ಲಿ ಮೇಲಿದ್ದದ್ದು ಯುಇಎಫ್ಐ. ಅಂಗಡಿಯವರು ಎಸ್ಎಸ್‌ಡಿಯನ್ನು ಎಂಬಿಆರ್ ಎಂಬ ಹಳೇ ಶೈಲಿಯಲ್ಲಿ (ಹೊಸದು ಜಿಪಿಟಿ) ಭಾಗ ಮಾಡಿದ್ದರು. ಡಿಸ್ಕ್ ಆಯ್ಕೆಯ ಪರದೆಗೆ ಬಂದಾಗ, ಈ ಡಿಸ್ಕಿನಲ್ಲಿ ಎಂಬಿಆರ್ ಟೇಬಲ್ ಇದೆ, ಇಎಫ್ಐ ಸಿಸ್ಟಮ್ಮಿನಲ್ಲಿ ಜಿಪಿಟಿ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕಬಹುದು ಎಂಬ ತಕರಾರು.

ಇದಕ್ಕೆ ಡಿಸ್ಕ್ ಬದಲಿಸಬೇಕಿಲ್ಲ. ಡಿಸ್ಕಿನಲ್ಲಿ ಬೇಕಾದ ಫೈಲುಗಳಿದ್ದರೆ ರೀಸ್ಟಾರ್ಟ್ ಮಾಡಿ, ಬೋಳು ಹೆಸರಿನ ಸಾಲಿನಿಂದ ಬೂಟ್ ಮಾಡಿದರೆ ಮುಗಿಯಿತು. ಏನೂ ಇಲ್ಲದಿದ್ದರೆ ಅದೇ ಪರದೆಯಲ್ಲಿ ಆ ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸಿ, ಖಾಲಿ ಜಾಗವನ್ನೇ ಆರಿಸಿ ನೆಕ್ಸ್ಟ್ ಒತ್ತಿ. ಸೆಟಪ್ ತಾನೇ ಜಿಪಿಟಿ ಮಾಡಿಕೊಳ್ಳುತ್ತದೆ. ನಮ್ಮದರಲ್ಲಿ ಏನೂ ಇರಲಿಲ್ಲ, ಅಳಿಸಿದೆ, ಮುಂದಕ್ಕೆ ಹೋಯಿತು. ಆದರೆ ಫೈಲ್ ಕಾಪಿ ಆಗುವಾಗ 0x80070570 ಎಂಬ ಎರರ್ ಬಂದು ನಿಂತಿತು: ಬೇಕಾದ ಫೈಲ್ ಕೆಟ್ಟಿದೆ ಅಥವಾ ಕಾಣೆಯಾಗಿದೆ ಅಂತ.

ಯಾವುದರಲ್ಲಿ ಕೆಟ್ಟಿದೆ? ಪೆನ್ ಡ್ರೈವಿನಲ್ಲೋ, ಎಸ್ಎಸ್‌ಡಿಯಲ್ಲೋ, ರ‍್ಯಾಮಿನಲ್ಲೋ? ಮೈಕ್ರೋಸಾಫ್ಟ್ ಟೂಲಿಗೆ ಪೆನ್ ಡ್ರೈವಿನ ಆರೋಗ್ಯ ನೋಡುವ ಆಯ್ಕೆಯೇ ಇಲ್ಲ.

ಆಗ ಕೈಗೆತ್ತಿಕೊಂಡದ್ದು ನನ್ನ ಜೇಬಿನಲ್ಲಿ ಸದಾ ಇರುವ ವೆಂಟಾಯ್ ಪೆನ್ ಡ್ರೈವ್. ಇದರ ಲೆಕ್ಕವೇ ಬೇರೆ. ಒಮ್ಮೆ ವೆಂಟಾಯ್ ಹಾಕಿಟ್ಟರೆ ಮುಂದೆ ಐಎಸ್ಒಗಳನ್ನು ಸುಮ್ಮನೆ ಕಾಪಿ ಮಾಡುತ್ತಾ ಹೋಗುವುದು. ಬೂಟ್ ಮಾಡಿದಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸುವುದು. ಉಳಿದ ಜಾಗದಲ್ಲಿ ಬೇರೆ ಫೈಲೂ ಇಟ್ಟುಕೊಳ್ಳಬಹುದು. ಪಟ್ಟಿಯಲ್ಲಿ ಐಎಸ್ಒ ಮೇಲೆ ನಿಂತು ‘ಎಂ’ ಒತ್ತಿದರೆ ಫೈಲ್ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಸಂಖ್ಯೆ, ಅಂದರೆ ಚೆಕ್‌ಸಮ್ ಲೆಕ್ಕ ಹಾಕುತ್ತದೆ, ಅದನ್ನು ಡೌನ್‌ಲೋಡ್ ಪುಟದಲ್ಲಿ ಕೊಟ್ಟಿದ್ದರ ಜೊತೆ ತಾಳೆ ನೋಡಬಹುದು. ಇದರಿಂದ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಓಎಸ್ಅನ್ನು ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ, ಡಿಸ್ಕ್ಸ್ ಎಂಬ ಆ್ಯಪ್‌ನಲ್ಲಿ ಎಸ್ಎಸ್‌ಡಿಯ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ, ನೋಡಿದೆ. ಗಟ್ಟಿಮುಟ್ಟಾಗಿತ್ತು. ಎಸ್ಎಸ್‌ಡಿ ಮೇಲಿದ್ದ ಅನುಮಾನ ಅಲ್ಲಿಗೆ ಹೋಯಿತು.

ಆದರೂ ವೆಂಟಾಯ್ ಎಲ್ಲರಿಗೂ ಹೇಳಿ ಮಾಡಿಸಿದ್ದಲ್ಲ. ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ಭದ್ರತೆ) ಆನ್ ಇರುವ ಕಂಪ್ಯೂಟರಿನಲ್ಲಿ ಮೊದಲ ಸಲ ಒಂದು ನೀಲಿ ಪರದೆ ಬಂದು ಕೀ ಎನ್‌ರೋಲ್ ಮಾಡಿ ಅನ್ನುತ್ತದೆ. ಗೊತ್ತಿಲ್ಲದವರು ಅದನ್ನೇ ಎರರ್ ಎಂದು ತಿಳಿದು ಬಂದ್ ಮಾಡಿಬಿಡುತ್ತಾರೆ. ವಾರಕ್ಕೊಂದು ಕಂಪ್ಯೂಟರ್ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಹತ್ತು ವರ್ಷಕ್ಕೊಮ್ಮೆ ಓಎಸ್ ಹಾಕುವವರಿಗೆ ಇದರ ಗೊಡವೆ ಬೇಡ.

ಈ ಕೆಲಸಕ್ಕೆ ನನ್ನ ಮತ ರೂಫಸ್‌ಗೆ. ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್ ಬೇಕು. ಆದರೆ ಬರೆಯುವ ಮೊದಲೇ ಪ್ರಶ್ನೆ ಕೇಳುತ್ತದೆ: ಎಂಬಿಆರೋ, ಜಿಪಿಟಿಯೋ? ಜಿಪಿಟಿ ಆರಿಸಿದರೆ ಪಕ್ಕದ ಟಾರ್ಗೆಟ್ ತಾನಾಗಿ ಯುಇಎಫ್ಐಗೆ ಬದಲಾಗುತ್ತದೆ. ಮೈಕ್ರೋಸಾಫ್ಟ್ ಟೂಲ್ ಬೂಟ್ ಮೆನುವಿನ ತನಕ ಮುಚ್ಚಿಟ್ಟ ಆಯ್ಕೆ ಇಲ್ಲಿ ಕಣ್ಣೆದುರೇ ಇರುತ್ತದೆ. ಐಎಸ್ಒ ಆಯ್ಕೆಯ ಪಕ್ಕದ ಟಿಕ್ ಗುರುತು ಒತ್ತಿದರೆ ಚೆಕ್‌ಸಮ್ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅಡ್ವಾನ್ಸ್‌ಡ್ ಫಾರ್ಮ್ಯಾಟ್ ಆಯ್ಕೆಗಳಲ್ಲಿ ಅಡಗಿರುವ ಬ್ಯಾಡ್ ಬ್ಲಾಕ್ (ಕೆಟ್ಟುಹೋದ ಜಾಗ) ಪರೀಕ್ಷೆ. ಪೆನ್ ಡ್ರೈವಿನ ಉದ್ದಕ್ಕೂ ಬರೆದು, ಓದಿ ನೋಡುತ್ತದೆ. ತುಂಬಾ ಹೊತ್ತು ಹಿಡಿಯುತ್ತದೆ, ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಸೈಜ್ ಸುಳ್ಳು ಹೇಳುವ ನಕಲಿ ಪೆನ್ ಡ್ರೈವುಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ.

ಎರರ್ ಕೊಟ್ಟಿದ್ದ ಮಾಮಾನ ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ ಈ ಪರೀಕ್ಷೆಗೆ ಬಿಟ್ಟು ಊಟಕ್ಕೆ ಕೂತೆವು. ಕೈ ತೊಳೆದು ಬರುವಷ್ಟರಲ್ಲಿ ಬ್ಯಾಡ್ ಬ್ಲಾಕ್ ಸಿಕ್ಕಿವೆ ಎಂಬ ಎಚ್ಚರಿಕೆ ಪರದೆಯ ಮೇಲಿತ್ತು. ಬೇರೆ ಪೆನ್ ಡ್ರೈವ್ ತಂದು ರೂಫಸ್‌ನಲ್ಲೇ ಬರೆದೆ. ಅದೇ ಎಸ್ಎಸ್‌ಡಿ, ಅದೇ ರ‍್ಯಾಮ್, ಒಂದೂ ಎರರ್ ಇಲ್ಲದೆ ಇನ್‌ಸ್ಟಾಲ್ ಆಯಿತು.

ಇನ್ನು ಯಾವ ಓಎಸ್ ಅನ್ನುವ ಜಗ್ಗಾಟ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಸೌಲಭ್ಯ ಬೇಕು, 4ನೇ ತಲೆಮಾರಿನ ಐ3 ಅಧಿಕೃತ ಪಟ್ಟಿಯಲ್ಲೇ ಇಲ್ಲ. ರೂಫಸ್ ಆ ಷರತ್ತುಗಳನ್ನು ತೆಗೆದು ಪೆನ್ ಡ್ರೈವ್ ಮಾಡಿಕೊಡುತ್ತದೆ ನಿಜ, ಆದರೆ ಹಾಗೆ ಹಾಕಿದ್ದಕ್ಕೆ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತದೆ ಎಂಬ ಭರವಸೆ ಇಲ್ಲ. ಹೊಟ್ಟೆಪಾಡಿನ ಕಂಪ್ಯೂಟರಿಗೆ ನಾನದನ್ನು ಹಾಕಲಾರೆ. ಮಿಂಟ್ ಚುರುಕಾಗಿ ಓಡಿತು, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಗಳಿಗೆ ಒಗ್ಗಿದ ಕೈಗೆ ಹೊಂದುವ ‘ಕಗಪ’ ಕೀಲಿ ಜೋಡಣೆಯೂ ಅದರಲ್ಲಿದೆ. ಆದರೆ ಪ್ರೆಸ್ಸಿನವರು ಕೇಳುವುದು ವಿಂಡೋಸಿನಲ್ಲಿ ಓಡುವ ಪುಟವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲ್, ಅದೂ ಹಳೇ ನುಡಿ ಫಾಂಟಿನಲ್ಲಿ. 2001ರ ಪೇಜ್‌ಮೇಕರ್ 7 ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ. ಹಾಗಾಗಿ ವಿಂಡೋಸ್ 10 ಹಾಕಿ, 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿದೆ. ಲೆಕ್ಕಪತ್ರ, ಓದು, ಬ್ರೌಸಿಂಗ್ ಇಷ್ಟೇ ಇರುವ ಮನೆಯಾಗಿದ್ದರೆ ಕಣ್ಣು ಮುಚ್ಚಿ ಮಿಂಟ್ ಹಾಕುತ್ತಿದ್ದೆ.

ಕೇಸ್ ಮುಚ್ಚುವ ಮೊದಲು ಬೋರ್ಡಿನ ಮೇಲಿನ ಸಿಆರ್2032 ಗುಂಡಿ ಸೆಲ್ಲನ್ನೂ ಬದಲಿಸಿ. ಹಳೇ ಯಂತ್ರಗಳಲ್ಲಿ ಅದು ಎಷ್ಟೋ ಸಲ ಸತ್ತಿರುತ್ತದೆ. ಆಗ ಕರೆಂಟ್ ಹೋಗಿ ಬಂದಾಗಲೆಲ್ಲ ಬಯಾಸ್ ತನ್ನ ಮೂಲ ಸೆಟಿಂಗಿಗೆ ಮರಳುತ್ತದೆ. ಕೆಲವು ಬೋರ್ಡುಗಳಲ್ಲಿ ಡಿಸ್ಕಿನ ಜೊತೆ ಮಾತಾಡುವ ವಿಧಾನ, ಅಂದರೆ ಸಾಟಾ ಮೋಡ್, ಎಎಚ್‌ಸಿಐನಿಂದ ಐಡಿಇಗೆ ಬದಲಾಗಿ, ಸರಿಯಾಗಿ ಹಾಕಿದ ವಿಂಡೋಸೂ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಸೆಲ್ ಯಾವ ಗಡಿಯಾರದ ಅಂಗಡಿಯಲ್ಲಾದರೂ ಸಿಗುತ್ತದೆ.